ಮೊಲಕ್ಕೆ ನಾಲ್ಕು ಕಾಲು

ಬೆಂಗಳೂರಿನ ಹುಟ್ಟಿನ ಕಥೆಯಲ್ಲಿ ಒಂದು ಮೊಲವಿದೆ. ಯಲಹಂಕ ನಾಡಪ್ರಭು ಕೆಂಪೇಗೌಡರು ಬೇಟೆನಾಯಿಗಳೊಡನೆ ಕಾಡಿನಲ್ಲಿ ಸಂಚರಿಸುತ್ತಿದ್ದಾಗ, ನಾಯಿಯ ವಾಸನೆ ಬಡಿದೊಡನೆ ಓಡಿಹೋಗಬೇಕಾಗಿದ್ದ ಮೊಲವೊಂದು ಹಿಂತಿರುಗಿ ನಿಂತು ನಾಯಿಯನ್ನೇ ಅಟ್ಟಿಸಿಕೊಂಡು ಹೋಯಿತೆಂದೂ, ಇಂಥ ಭೀರುವಿಗೆ ಇಷ್ಟು ಧೈರ್ಯವನ್ನು ಕೊಟ್ಟ ನೆಲವು ಗಂಡುಭೂಮಿಯಾಗಿರಲೇಬೇಕೆಂದು ನಿಶ್ಚಯಿಸಿ ಗೌಡರು ತಮ್ಮ ನೂತನ ಪಟ್ಟಣಕ್ಕೆ ಮನಸ್ಸು ಮಾಡಿದರೆಂದೂ ಐತಿಹ್ಯ ಹೇಳುತ್ತದೆ. 1537ರಲ್ಲಿ ಕೋಟೆ ಎದ್ದದ್ದು ಚರಿತ್ರೆ. ಮೊಲವು ನಾಯಿಯನ್ನು ಅಟ್ಟಿದ್ದು ಕಥೆ. ಇದೇ ಕಥೆಯನ್ನು ವಿಜಯನಗರದವರೂ ಹೇಳಿಕೊಂಡಿದ್ದಾರೆ, ದೂರದ ಅಹಮದಾಬಾದಿನವರೂ ಹೇಳಿಕೊಂಡಿದ್ದಾರೆ. ಊರು ಕಟ್ಟಲು ಹೊರಟವರಿಗೆಲ್ಲ ಕಲ್ಲು ಗಾರೆಗಳ ಜೊತೆಗೆ ಒಂದು ಮೊಲವೂ ಬೇಕಾಗಿತ್ತೆಂದು ತೋರುತ್ತದೆ.

ಕೆಲವು ವರ್ಷಗಳ ಹಿಂದೆ ಅದೇ ಯಲಹಂಕದ ಉಪನಗರದ ಉದ್ಯಾನವೊಂದರಲ್ಲಿ, ಮಲ್ಲಿಗೆಯ ಪೊದೆಯ ಬುಡದಲ್ಲಿ, ಒಂದು ಬಿಳಿಯ ಮೊಲ ಮುದುಡಿ ಕುಳಿತಿತ್ತು. ಮೂರು ಬೀದಿನಾಯಿಗಳು ಅದರ ಸುತ್ತ ನಿಂತಿದ್ದವು. ಅದು ಹಿಂತಿರುಗಿ ನಿಲ್ಲಲಿಲ್ಲ; ಓಡಲೂ ಇಲ್ಲ. ಪಂಜರದಲ್ಲಿ ಹುಟ್ಟಿ ಪಂಜರದಲ್ಲಿ ಬೆಳೆದ ಆ ಜೀವಕ್ಕೆ ನಾಯಿಯೆಂದರೇನು, ಓಟವೆಂದರೇನು ಎಂಬುದನ್ನು ಯಾರೂ ಕಲಿಸಿರಲಿಲ್ಲ. ವಾಕಿಂಗಿಗೆಂದು ಹೋಗಿದ್ದ ನಾನು ನಾಯಿಗಳನ್ನು ಓಡಿಸಿ, ಅದನ್ನು ಮೇಲುಹೊದಿಕೆಯಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ನಲವತ್ತೆಂಟು ವರ್ಷಗಳ ಕಾಲ ಒಂದು ಗಿಳಿಯನ್ನೂ ಸಾಕದಿದ್ದವನು ಆ ಬೆಳಿಗ್ಗೆ ಮೊಲದ ಯಜಮಾನನಾದೆ.

ಹಟಮಾರಿಯನ್ನು ಕುರಿತು ನಮ್ಮಲ್ಲಿ ಒಂದು ಗಾದೆಯುಂಟು: ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಗಾದೆಯ ಆ ಮನುಷ್ಯನು ಮೊಲವನ್ನು ಹಿಡಿದಿದ್ದನೇ ಹೊರತು ಸಾಕಿರಲಿಲ್ಲವೆಂಬುದು ಈಗ ನನಗೆ ಸ್ಪಷ್ಟವಾಗಿದೆ. ಆದರೆ ಹಿಡಿದ ಮೊದಲ ದಿನ ನಾನೂ ಅವನ ಬಳಗದವನೇ. ಮೊಲ ಗಜ್ಜರಿ ತಿನ್ನುತ್ತದೆ, ಪಂಜರದಲ್ಲಿರುತ್ತದೆ, ಎತ್ತಿ ಮುದ್ದಿಸಿದರೆ ಹಿಗ್ಗುತ್ತದೆ, ಮಕ್ಕಳಿಗೆ ಒಳ್ಳೆಯ ಆಟಿಕೆಯಾಗುತ್ತದೆ: ಇಷ್ಟು ನನಗೆ ಗೊತ್ತಿತ್ತು, ಮತ್ತು ಈ ಇಷ್ಟೂ ತಪ್ಪಾಗಿತ್ತು.

ಮೊದಲನೆಯದಾಗಿ, ಕೆಂಪೇಗೌಡರ ಮೊಲಕ್ಕೂ ನನ್ನ ಮೊಲಕ್ಕೂ ಹೆಸರೊಂದನ್ನು ಬಿಟ್ಟರೆ ಹತ್ತಿರದ ನಂಟಿಲ್ಲ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಈಗಲೂ ಕಾಣಸಿಗುವ ನಮ್ಮ ಕಾಡುಮೊಲವು ಬಯಲಿನ ಪ್ರಾಣಿ. ಅದರ ಮರಿ ಹುಟ್ಟುವಾಗಲೇ ಮೈತುಂಬ ರೋಮವನ್ನೂ ತೆರೆದ ಕಣ್ಣನ್ನೂ ಪಡೆದಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಅದಕ್ಕಿರುವುದರಿಂದ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಗಾಯಗೊಂಡದ್ದು ಸಿಕ್ಕರೆ ಅರಣ್ಯ ಇಲಾಖೆಗೋ, ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆಗೋ ಒಪ್ಪಿಸತಕ್ಕದ್ದು. ಸಾಕುಮೊಲವಾದರೋ ಯೂರೋಪಿನ ನೈಋತ್ಯ ಮೂಲೆಯಲ್ಲಿರುವ ಸ್ಪೇನ್ ಪೋರ್ಚುಗಲ್ ಸೀಮೆಯದು. ನೆಲದೊಳಗೆ ಬಿಲ ತೋಡಿ ಸಂಸಾರ ಹೂಡುವ ಜಾತಿ. ಮರಿಗಳು ಕಣ್ಣು ಮುಚ್ಚಿಕೊಂಡು, ಬೆತ್ತಲೆಯಾಗಿ ಹುಟ್ಟುತ್ತವೆ. ಕನ್ನಡವು ಎರಡನ್ನೂ ಮೊಲವೆಂದೇ ಕರೆಯುವುದರಿಂದ, ಸಾಕುಮೊಲವನ್ನು ಉದ್ಯಾನದಲ್ಲಿಯೋ ಕೆರೆಯಂಗಳದಲ್ಲಿಯೋ ಬಿಟ್ಟು ಬರುವವರು ಅದನ್ನು ಅದರ ತವರಿಗೆ ಸೇರಿಸಿದೆವೆಂದು ನಂಬಿ ನಿಶ್ಚಿಂತರಾಗುತ್ತಾರೆ. ಅಚ್ಚ ಬಿಳಿಯ ಮೈಯ, ಕೆಂಪು ಕಣ್ಣಿನ ಆ ಪ್ರಾಣಿಗೆ ಹಸಿರು ಹುಲ್ಲಿನ ನಡುವೆ ಅಡಗಲು ಎಡೆಯೇ ಇಲ್ಲ. ನಾಯಿ, ಬೆಕ್ಕು, ಹದ್ದು, ಈ ಮೂರರಲ್ಲಿ ಯಾವುದಕ್ಕೆ ಮೊದಲು ಕಂಡಿತೆಂಬುದೊಂದೇ ಪ್ರಶ್ನೆ.

ಹೀಗೆ ಬೀದಿಗೆ ಬೀಳುವ ಮೊಲಗಳ ಪೂರ್ವವೃತ್ತಾಂತ ಬಹುಮಟ್ಟಿಗೆ ಒಂದೇ. ಮಗುವಿನ ಹುಟ್ಟುಹಬ್ಬಕ್ಕೆಂದು ತಂದೆ ಅಂಗಡಿಯಿಂದ ಒಂದು ಜೋಡಿಯನ್ನು ತರುತ್ತಾನೆ. ಮೊಲದ ಗರ್ಭಧಾರಣೆಯ ಅವಧಿ ಸುಮಾರು 31 ದಿನ. ಹೆತ್ತ ದಿನವೇ ಮತ್ತೆ ಗರ್ಭ ಧರಿಸಬಲ್ಲ ವಿಚಿತ್ರ ಶಕ್ತಿಯೂ ಅದಕ್ಕುಂಟು. ಆಸ್ಟ್ರೇಲಿಯದಲ್ಲಿ 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಭೂಮಾಲಿಕನು ಬೇಟೆಯ ವಿನೋದಕ್ಕೆಂದು ಇಂಗ್ಲೆಂಡಿನಿಂದ ತರಿಸಿದ ಬೆರಳೆಣಿಕೆಯ ಮೊಲಗಳ ಸಂತತಿಯು ಒಂದು ಖಂಡಕ್ಕೇ ಪೀಡೆಯಾದ ಕಥೆ ಪ್ರಸಿದ್ಧವಾಗಿದೆ, ಆರ್.ಟಿ. ನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆ ಇತಿಹಾಸವು ಸಣ್ಣ ಪ್ರಮಾಣದಲ್ಲಿ ಪುನರಾವರ್ತನೆಗೊಳ್ಳಲು ಮೂರು ತಿಂಗಳು ಸಾಕು. ಮಗುವಿಗೆ ಬೇಸರ, ತಾಯಿಗೆ ವಾಸನೆ, ತಂದೆಗೆ ಪಶ್ಚಾತ್ತಾಪ. ಆ ಮೇಲೆ ಒಂದು ಸಂಜೆ ರಟ್ಟಿನ ಪೆಟ್ಟಿಗೆಯೊಂದು ಉದ್ಯಾನದ ಬೇಲಿಯ ಬಳಿ ಕಾಣಿಸಿಕೊಳ್ಳುತ್ತದೆ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ 11ನೆಯ ಪ್ರಕರಣದಂತೆ ಅಪರಾಧ. ಮೊದಲ ಸಲದ ಅಪರಾಧಕ್ಕೆ ಆ ಕಾಯಿದೆ ಗೊತ್ತುಮಾಡಿದ ದಂಡ 10 ರೂಪಾಯಿಗೆ ಕಡಿಮೆಯಿಲ್ಲದಂತೆ, 50 ರೂಪಾಯಿ ಮೀರದಂತೆ. ಮಳೆಗಾಲದಲ್ಲಿ ಯಶವಂತಪುರದ ಮಾರುಕಟ್ಟೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಇದಕ್ಕಿಂತ ದುಬಾರಿಯಾಗಿರುವುದುಂಟು.

ಕಾಯಿದೆ ಮಾಡಲಾರದುದನ್ನು ಕೆಲವು ಮನುಷ್ಯರು ಮಾಡುತ್ತಾರೆ. ದೆಹಲಿ ಜಯಪುರಗಳಲ್ಲಿ ಪ್ರಾಣಿಗಳಿಗಾಗಿ ಆಶ್ರಯಗಳನ್ನು ಕಟ್ಟಿ, ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಕ್ರಿಸ್ಟಲ್ ರಾಜರ್ಸ್ ಎಂಬ ಆಂಗ್ಲ ಮಹಿಳೆ 1991ರಲ್ಲಿ ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆಯನ್ನು ಸ್ಥಾಪಿಸಿದಾಗ ಆಕೆಗೆ ಎಂಬತ್ತು ದಾಟಿತ್ತು. ಆ ಸಂಸ್ಥೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲಿ ನೆಲೆಯೂರಿತು. 1958ರಲ್ಲಿ ಆರಂಭವಾದ ಆ ಕಾಲೇಜಿನ ಆಸ್ಪತ್ರೆಗೆ ಉತ್ತರ ಬೆಂಗಳೂರಿನ ಎತ್ತು ಎಮ್ಮೆಗಳು ಬರುತ್ತಿದ್ದ ಕಾಲ ಹೋಗಿ, ಬುಟ್ಟಿಯಲ್ಲಿ ಬೆಕ್ಕನ್ನೂ ತೋಳಿನಲ್ಲಿ ನಾಯಿಮರಿಯನ್ನೂ ಹೊತ್ತವರು ಬರುವ ಕಾಲ ಬಂದಿದೆ. ದೊಡ್ಡ ಸಂಸ್ಥೆಗಳ ಆಚೆಗೆ, ತಮ್ಮ ಮನೆಯ ಬಾಲ್ಕನಿಯಲ್ಲೇ ನಾಲ್ಕಾರು ಮೊಲಗಳಿಗೆ ತಾತ್ಕಾಲಿಕ ಆಶ್ರಯ ಕೊಟ್ಟು, ಯೋಗ್ಯರಾದವರಿಗೆ ಒಪ್ಪಿಸುವ ಸ್ವಯಂಸೇವಕರೂ ಈ ಕಡೆಯ ಬಡಾವಣೆಗಳಲ್ಲಿದ್ದಾರೆ. ದತ್ತು ಎಂಬ ಗಂಭೀರ ಶಬ್ದವನ್ನು ಅವರು ಹಗುರಾಗಿ ಬಳಸುವುದಿಲ್ಲ. ನನ್ನ ಮಲ್ಲಿಗೆ (ಪೊದೆಯ ನೆನಪಿಗೆ ಇಟ್ಟ ಹೆಸರು) ಜೊತೆಗಾರನೊಬ್ಬನನ್ನು ಅರಸಿ ಹೆಬ್ಬಾಳದ ಅಂಥ ಒಂದು ಮನೆಗೆ ಹೋದಾಗ, ಆ ಹೆಣ್ಣುಮಗಳು ನನ್ನನ್ನು ಹೆಣ್ಣು ಕೇಳಲು ಬಂದ ಗಂಡಿನಂತೆ ಪರೀಕ್ಷಿಸಿದಳು: ಮನೆ ಸ್ವಂತದ್ದೋ ಬಾಡಿಗೆಯದೋ, ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು, ವಿದ್ಯುತ್ತಿನ ತಂತಿಗಳು ನೆಲದ ಮೇಲಿವೆಯೋ, ಮನೆಯಲ್ಲಿ ಚಿಕ್ಕ ಮಕ್ಕಳುಂಟೋ. ಕೊನೆಗೆ, “ಸರ್, ಇದು ಹತ್ತು ವರ್ಷದ ಮಾತು. ಯೋಚನೆ ಮಾಡಿ, ನಾಳೆ ಫೋನ್ ಮಾಡಿ” ಎಂದು ಬರಿಗೈಯಲ್ಲಿ ಕಳುಹಿಸಿದಳು. ನಾನು ಅವಮಾನಿತನಾಗಿ ಹಿಂತಿರುಗಿದೆ. ಮಾರನೆಯ ದಿನ ಫೋನ್ ಮಾಡಿದೆ. ಗುಂಡನು ಹಾಗೆ ನಮ್ಮ ಮನೆಗೆ ಬಂದನು.

ಹತ್ತು ವರ್ಷವೆಂಬುದು ಅತಿಶಯೋಕ್ತಿಯಲ್ಲ. ಚೆನ್ನಾಗಿ ನೋಡಿಕೊಂಡ ಮೊಲವು 8ರಿಂದ 12 ವರ್ಷ ಬದುಕುತ್ತದೆ. ಆರನೆಯ ತರಗತಿಯ ಬಾಲಕನಿಗೆ ತಂದುಕೊಟ್ಟ ಮೊಲ ಅವನು ಇಂಜಿನಿಯರಾಗಿ ಪರದೇಶಕ್ಕೆ ಹೊರಡುವಾಗಲೂ ಮನೆಯಲ್ಲಿರುತ್ತದೆ. ಆದುದರಿಂದಲೇ ಮೊಲವು ಮಕ್ಕಳ ಪ್ರಾಣಿಯಲ್ಲ, ವಯಸ್ಕರ ಪ್ರಾಣಿ. ಅದರ ದೇಹರಚನೆಯೂ ಇದನ್ನೇ ಸಾರುತ್ತದೆ. ಮೊಲದ ಎಲುಬುಗಳೆಲ್ಲ ಸೇರಿದರೆ ಅದರ ತೂಕದಲ್ಲಿ ನೂರಕ್ಕೆ 7 ಅಥವಾ 8 ಪಾಲು ಮಾತ್ರ. ಹಿಂಗಾಲಿನ ಸ್ನಾಯುಗಳಾದರೋ ಮಹಾಬಲಿಷ್ಠ. ಎತ್ತಿಕೊಂಡಾಗ ಬೆದರಿ ಬಲವಾಗಿ ಒದ್ದರೆ ಅದರ ಬೆನ್ನೆಲುಬು ಅದರ ಒದೆತಕ್ಕೇ ಮುರಿಯಬಹುದು. ಕಿವಿ ಹಿಡಿದು ಎತ್ತುವುದಂತೂ ಚಿತ್ರಪಟಗಳ ಮಾಂತ್ರಿಕರ ಕ್ರೌರ್ಯ. ಎತ್ತಲೇಬೇಕಾದಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ. ಉಳಿದ ವೇಳೆಯಲ್ಲಿ ನಾವೇ ನೆಲಕ್ಕಿಳಿದು ಕುಳಿತುಕೊಳ್ಳುವುದು ಉತ್ತಮ. ಮೊಲದ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದು ಹೆಚ್ಚುಕಡಿಮೆ ಸುತ್ತಲಿನದೆಲ್ಲವನ್ನೂ ಕಾಣುತ್ತದೆ, ಆದರೆ ತನ್ನ ಮೂಗಿನ ನೇರದಲ್ಲಿರುವುದನ್ನು ಕಾಣದು. ಮೇಲಿನಿಂದ ಇಳಿದು ಬರುವ ಕೈ ಎಷ್ಟೇ ಪ್ರೀತಿಯದಾದರೂ ಅದರ ಪಾಲಿಗೆ ಹದ್ದಿನ ಕಾಲೇ ಸರಿ.

ಇನ್ನು ಆಹಾರದ ಮಾತು. ಗಜ್ಜರಿ ಮೊಲಕ್ಕೆ ಊಟವಲ್ಲ, ಮಿಠಾಯಿ. ಅಷ್ಟು ಸಕ್ಕರೆಯನ್ನು ಅದರ ಕರುಳು ತಾಳದು. ಅದು ನಿಜವಾಗಿ ತಿನ್ನಬೇಕಾದದ್ದು ಹುಲ್ಲು. ಅದರ ಊಟದಲ್ಲಿ ನೂರಕ್ಕೆ 80 ಪಾಲಾದರೂ ಒಣಹುಲ್ಲೂ ಹಸಿಹುಲ್ಲೂ ಆಗಿರಬೇಕು. ಮೊಲದ ಬಾಚಿಹಲ್ಲುಗಳು ಬದುಕಿರುವವರೆಗೂ, ವರ್ಷಕ್ಕೆ 10 ಸೆಂಟಿಮೀಟರಿಗೂ ಮಿಕ್ಕು, ಬೆಳೆಯುತ್ತಲೇ ಇರುತ್ತವೆ. ದವಡೆಹಲ್ಲುಗಳ ಗತಿಯೂ ಅದೇ. ದಿನವಿಡೀ ನಾರಿನ ಹುಲ್ಲನ್ನು ಅಡ್ಡಡ್ಡ ಅರೆಯುವುದೊಂದೇ ಅವನ್ನು ಸವೆಸುವ ದಾರಿ. ಸವೆಯದ ಹಲ್ಲು ನಾಲಿಗೆಯನ್ನೋ ಕೆನ್ನೆಯನ್ನೋ ಇರಿದು, ಎದುರಿಗೆ ಆಹಾರವಿದ್ದರೂ ಉಪವಾಸ ಕೆಡಹುತ್ತದೆ. ಪೇಟೆಯಲ್ಲಿ ಸಿಗುವ ಗುಳಿಗೆಯ ಆಹಾರ ದಿನಕ್ಕೆ ಒಂದೆರಡು ಚಮಚ ಸಾಕು. ಪ್ರೋಟೀನೂ ಸುಣ್ಣದಂಶವೂ ಅತಿಯಾಗಿರುವ ಕುದುರೆಮೆಂತೆಯ ಹುಲ್ಲು ಮರಿಗಳಿಗೆ ಹಿತ, ಬೆಳೆದವಕ್ಕೆ ಅಲ್ಲ. ಕೊತ್ತಂಬರಿ, ಪುದೀನ, ಮೂಲಂಗಿಯ ಸೊಪ್ಪು ದಿನಕ್ಕೊಂದು ಹಿಡಿ ಆಗಬಹುದು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು, ಚಾಕೊಲೇಟ್ ಸರ್ವಥಾ ಕೂಡದು.

ಎಲ್ಲಕ್ಕಿಂತ ಮಿಗಿಲಾಗಿ, ವಿಘ್ನೇಶ್ವರನಿಗೆ ಪ್ರಿಯವಾದ ಗರಿಕೆ ಮೊಲಕ್ಕೂ ಪ್ರಿಯ. ನಾನು ದಿನವೂ ಗರಿಕೆ ಕೊಳ್ಳುತ್ತಿದ್ದುದನ್ನು ಕಂಡು ನಮ್ಮ ಬೀದಿಯ ಸೊಪ್ಪಿನ ಅಜ್ಜಿ ಒಂದು ದಿನ ತಡೆಯಲಾರದೆ ಕೇಳಿದಳು:

“ದಿನಾ ಇಷ್ಟೊಂದು ಗರಿಕೆ ಒಯ್ತೀರಲ್ಲ ಸ್ವಾಮಿ, ಮನೇಲೇನು ದಿನಾ ಗಣಹೋಮವಾ?”

“ಇಲ್ಲಜ್ಜಿ, ಮೊಲಕ್ಕೆ.”

ಅಜ್ಜಿ ಒಂದು ಕ್ಷಣ ಯೋಚಿಸಿ, “ಅದೂ ಗಣಪತಿ ಕಡೆಯದೇ ಬಿಡಿ, ಕಿವಿ ದೊಡ್ಡದು” ಎಂದು ಇನ್ನೊಂದು ಹಿಡಿ ಹೆಚ್ಚಿಗೆ ಹಾಕಿದಳು. ಅಂದಿನಿಂದ ಮೂಲಂಗಿಯ ತುದಿಯ ಸೊಪ್ಪನ್ನು ನನಗಾಗಿಯೇ ತೆಗೆದಿಡುತ್ತಾಳೆ. ರಸ್ತೆಯಂಚಿನ ಹುಲ್ಲನ್ನು ಮಾತ್ರ ನಾನು ಕೀಳುವುದಿಲ್ಲ; ವಾಹನಗಳ ಹೊಗೆಯೂ ಕಳೆನಾಶಕವೂ ನಾಯಿಗಳ ಮೂತ್ರವೂ ಅದರಲ್ಲಿ ಸೇರಿರುತ್ತವೆ. ಕೊಂಡದ್ದನ್ನೂ ಮೂರು ಸಲ ತೊಳೆದು, ನೀರು ಜಾಡಿಸಿಯೇ ಇಡುವುದು.

ಮೊಲ ಸಾಕಿದವನ ಪಂಚಾಂಗ ಅದರ ಹಿಕ್ಕೆ. ಮೊದಲ ವಾರ, ಮಲ್ಲಿಯು ಬೆಳಗಿನ ಜಾವ ತನ್ನ ಹಿಂಭಾಗಕ್ಕೆ ಬಾಯಿಟ್ಟು ಮೆತ್ತನೆಯ ಹಿಕ್ಕೆಯನ್ನು ತಿನ್ನುವುದನ್ನು ಕಂಡು ನಾನು ಹೇಸಿದ್ದುಂಟು. ಆಮೇಲೆ ತಿಳಿಯಿತು: ಹಸುವಿಗೆ ಮೆಲುಕು ಹೇಗೋ ಮೊಲಕ್ಕೆ ಇದು ಹಾಗೆ. ಸಣ್ಣ ಕರುಳೂ ದೊಡ್ಡ ಕರುಳೂ ಕೂಡುವೆಡೆ ಇರುವ ದೊಡ್ಡದೊಂದು ಚೀಲದಲ್ಲಿ ಹುಲ್ಲು ಹುದುಗಿ, ಪೋಷಕಾಂಶಗಳಿಂದ ತುಂಬಿದ ದ್ರಾಕ್ಷಿಗೊಂಚಲಿನಂಥ ಮೆತ್ತನೆಯ ಉಂಡೆಗಳಾಗಿ ಹೊರಬರುತ್ತದೆ. ಅದನ್ನು ಎರಡನೆಯ ಬಾರಿ ಉಂಡ ಮೇಲೆಯೇ ಊಟ ಪೂರ್ಣ. ನಾವು ಎಣಿಸಬೇಕಾದದ್ದು ಇನ್ನೊಂದು ಬಗೆಯದನ್ನು: ಒಣಗಿದ, ದುಂಡನೆಯ, ಒಂದೇ ಗಾತ್ರದ ಹಿಕ್ಕೆಗಳನ್ನು. ಅವು ಸಣ್ಣವಾದರೆ ಎಚ್ಚರ, ನಿಂತರೆ ಅಪಾಯ. ಮೊಲಕ್ಕೆ ವಾಂತಿ ಮಾಡಲು ಬಾರದು. ಕರುಳಿನ ಚಲನೆ ನಿಂತುಹೋದರೆ ಒಂದೆರಡು ದಿನಗಳಲ್ಲಿ ಪ್ರಾಣಕ್ಕೇ ಸಂಚಕಾರ. ಅರ್ಧ ದಿನ ಏನನ್ನೂ ತಿನ್ನದ ಮೊಲವನ್ನು “ನಾಳೆ ನೋಡೋಣ” ಎನ್ನುವಂತಿಲ್ಲ.

ನನಗೆ ಇದು ತಿಳಿದದ್ದು ಪುಸ್ತಕದಿಂದಲ್ಲ. ಒಂದು ರಾತ್ರಿ ಗುಂಡನು ಮೂಲೆಯಲ್ಲಿ ಮುದ್ದೆಯಾಗಿ ಕುಳಿತು, ಗರಿಕೆಯ ಎಸಳನ್ನು ಮೂಗಿನ ಬಳಿ ಹಿಡಿದರೂ ಮುಖ ತಿರುಗಿಸಿದನು. ಕೂಗಲಿಲ್ಲ, ನರಳಲಿಲ್ಲ, ಒದ್ದಾಡಲಿಲ್ಲ. ಬೇಟೆಗೆ ಈಡಾಗುವ ಪ್ರಾಣಿಯು ನೋವನ್ನು ಬಚ್ಚಿಡುತ್ತದೆ; ನರಳಿದ ಮೊಲವನ್ನು ನರಿ ಮೊದಲು ಗುರುತಿಸುವುದರಿಂದ ನರಳದಿರುವ ವಿದ್ಯೆ ಅದರ ವಂಶಕ್ಕೆ ಅಂಟಿ ಬಂದಿದೆ. ಹಲ್ಲು ಕಡಿಯುವ ಸಣ್ಣ ಸದ್ದೊಂದೇ ಅದರ ಅಳು. ಹತ್ತಿರದ ಚಿಕಿತ್ಸಾಲಯವೊಂದರಲ್ಲಿ ನಾಯಿಗೆ ಕೊಡುವ ಔಷಧಿಯನ್ನೇ ಕೊಡಲು ಹೊರಟರು. ಯಾವುದೋ ಪುಣ್ಯದಿಂದ ನಾನು ಗುಂಡನನ್ನು ಕೊಟ್ಟ ಆ ಹೆಣ್ಣುಮಗಳಿಗೆ ಫೋನ್ ಮಾಡಿದೆ. ಅವಳು ಹೇಳಿದ, ಮೊಲವನ್ನು ಬಲ್ಲ ವೈದ್ಯರ ಬಳಿ ಹೋಗುವಾಗ ಮಧ್ಯರಾತ್ರಿ. ಬೆಳಗಿನ ಐದಕ್ಕೆ ಗುಂಡನು ಹಾಕಿದ ಮೊದಲ ಹಿಕ್ಕೆಯನ್ನು ಕಂಡು ನನಗಾದ ಆನಂದವನ್ನು ಸಂಭಾವಿತರ ಮುಂದೆ ಹೇಳಿಕೊಳ್ಳುವಂತಿಲ್ಲ.

ಆದುದರಿಂದ ಮೊಲವನ್ನು ತರುವ ಮೊದಲೇ ಮೊಲದ ವೈದ್ಯರನ್ನು ಹುಡುಕಿಟ್ಟುಕೊಳ್ಳಬೇಕು. ನಾಯಿಗಳಿಗೆ ಉಣ್ಣೆ ಚಿಗಟಗಳ ನಿವಾರಣೆಗೆ ಬಳಸುವ ಫಿಪ್ರೊನಿಲ್ ಮೊಲಕ್ಕೆ ವಿಷ. ನಮಗೆ ಸಲೀಸಾಗಿ ಬರೆದುಕೊಡುವ ಅಮಾಕ್ಸಿಸಿಲಿನ್ ಮಾತ್ರೆ ಅದರ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳನ್ನು ಕೆಡಿಸಿ ಕೊಲ್ಲಬಲ್ಲದು. ಬೀದಿಯಿಂದ ಬಂದ ಮೊಲದ ಕಿವಿಯೊಳಗೆ ಕಂದು ಹಕ್ಕಳೆಯಿದ್ದರೆ ಅದು ನುಸಿಯ ಕಾಟ. ಕಿತ್ತು ತೆಗೆಯದೆ ವೈದ್ಯರಿಗೆ ತೋರಿಸಬೇಕು. ಸಂತಾನಹರಣ ಚಿಕಿತ್ಸೆಯನ್ನು ಮರಿಗಳಾಗದಿರಲೆಂದು ಮಾತ್ರ ಮಾಡಿಸುವುದಲ್ಲ: ಚಿಕಿತ್ಸೆಯಾಗದ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರು ಬಲು ಸಾಮಾನ್ಯ. ಗಂಡಿಗೆ ಚಿಕಿತ್ಸೆಯಾದ ಮೇಲೂ ಕೆಲವು ವಾರ ಸಂತಾನಶಕ್ತಿ ಉಳಿದಿರುವುದರಿಂದ ಜೋಡಿಯನ್ನು ಒಡನೆಯೇ ಕೂಡಿಸಕೂಡದು. ಮಲ್ಲಿ ಗುಂಡರನ್ನು ನಾವು ಒಂದೂವರೆ ತಿಂಗಳು ಜಾಲರಿಯ ಆಚೀಚೆ ಇಟ್ಟು, ತರುವಾಯ ಇಬ್ಬರಿಗೂ ಹೊಸದಾದ ಅಡಿಗೆಮನೆಯ ನೆಲದಲ್ಲಿ ಭೇಟಿ ಮಾಡಿಸಿದೆವು. ಒಬ್ಬರ ನೆತ್ತಿಯನ್ನು ಇನ್ನೊಬ್ಬರು ನೆಕ್ಕಿದ ದಿನ ಜಾಲರಿ ತೆಗೆದೆವು.

ಪಂಜರವೆಂಬುದು ನನ್ನ ಎಣಿಕೆಗೆ ಸಿಕ್ಕದ ಇನ್ನೊಂದು ಕಾಲು. ಬ್ರಿಟನ್ನಿನ ಮೊಲಕ್ಷೇಮ ಸಂಸ್ಥೆಯ ಸಲಹೆಯಂತೆ ಒಂದು ಜೋಡಿಗೆ ಸದಾ ದೊರಕಬೇಕಾದ ಎಡೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ. ಅಂಗಡಿಯಲ್ಲಿ ಮಾರುವ ಪಂಜರ ಇದರ ಮುಂದೆ ಊಟದ ಡಬ್ಬಿ. 1988ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಹೌಸ್ ರ್ಯಾಬಿಟ್ ಸೊಸೈಟಿ, ಬೆಕ್ಕಿನಂತೆ ಮೊಲವೂ ಮನೆಯೊಳಗೆ ಬಿಡುಬೀಸಾಗಿ ಬಾಳಬಲ್ಲದೆಂಬ ಮಾತನ್ನು ಜನಕ್ಕೆ ಮನಗಾಣಿಸಿತು. ಒಂದು ತಟ್ಟೆಯಲ್ಲಿ ಕಾಗದದ ಚೂರು ಹರಡಿ, ಪಕ್ಕದಲ್ಲೇ ಹುಲ್ಲಿಟ್ಟರೆ ಅದು ಮಲಮೂತ್ರಗಳನ್ನು ಅಲ್ಲಿಯೇ ಮಾಡಲು ಕಲಿಯುತ್ತದೆ. ಅದರ ಅಂಗಾಲಿಗೆ ನಾಯಿಬೆಕ್ಕುಗಳಿಗಿರುವ ಮೆತ್ತೆಯಿಲ್ಲ, ರೋಮವಷ್ಟೇ. ತಂತಿಯ ತಳದ ಮೇಲೆ ನಿಂತರೆ ಹುಣ್ಣಾಗುತ್ತದೆ, ನುಣುಪಾದ ಟೈಲ್ಸಿನ ಮೇಲೆ ಜಾರುತ್ತದೆ. ಹಳೆಯ ಜಮಖಾನೆಯೊಂದು ಎರಡಕ್ಕೂ ಪರಿಹಾರ. ಫೋನಿನ ಚಾರ್ಜರುಗಳನ್ನು ಮಾತ್ರ ಆಳೆತ್ತರದಲ್ಲಿ ತೂಗುಹಾಕತಕ್ಕದ್ದು. ಮೂರನ್ನು ಕಳೆದುಕೊಂಡ ಮೇಲೆ ಈ ಜ್ಞಾನೋದಯ.

ಬೆಂಗಳೂರಿನ ಹವೆ ಮೊಲಕ್ಕೆ ಒಗ್ಗುತ್ತದೆಂಬ ಮಾತು ವರ್ಷದ ಬಹುಪಾಲು ನಿಜ, ಏಪ್ರಿಲ್ ತಿಂಗಳಿನಲ್ಲಿ ಸುಳ್ಳು. 30 ಡಿಗ್ರಿಯ ಆಸುಪಾಸಿನಲ್ಲಿಯೇ ಬಳಲುವ ಪ್ರಾಣಿ ಇದು. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣತೆ 39.2 ಡಿಗ್ರಿ ಮುಟ್ಟಿತ್ತು. ಮೊಲಕ್ಕೆ ಬೆವರಿ ತಣಿಯುವ ಅನುಕೂಲವಿಲ್ಲ. ಕಿವಿಗಳಲ್ಲಿ ಹರಿಯುವ ರಕ್ತದಿಂದಲೇ ಮೈಯ ಕಾವು ಹೊರಹೋಗಬೇಕು. ಬೇಸಗೆಯ ಮಧ್ಯಾಹ್ನಗಳಲ್ಲಿ ಬಾಟಲಿಯ ನೀರನ್ನು ಹೆಪ್ಪುಗಟ್ಟಿಸಿ ಬಟ್ಟೆ ಸುತ್ತಿ ಪಕ್ಕದಲ್ಲಿಡುತ್ತೇವೆ, ಒಂದು ಕಲ್ಲುಚಪ್ಪಡಿಯನ್ನು ನೆರಳಿನಲ್ಲಿ ಹಾಸುತ್ತೇವೆ, ಕಿವಿಗಳನ್ನು ಒದ್ದೆ ಕೈಯಿಂದ ಸವರುತ್ತೇವೆ. ಸ್ನಾನ ಮಾಡಿಸುವುದಿಲ್ಲ, ಅದು ಮೊಲಕ್ಕೆ ಭಯದ ಶಿಕ್ಷೆ, ಅದರ ನಾಲಿಗೆಯೇ ಅದರ ಸೀಗೆಪುಡಿ.

ಭಯಕ್ಕೆ ಯಲಹಂಕದಲ್ಲಿ ಬೇರೊಂದು ಕಾರಣವೂ ಉಂಟು. ಇಲ್ಲಿನ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ನಡೆದು ಬಂದಿರುವ ವೈಮಾನಿಕ ಪ್ರದರ್ಶನದ ದಿನಗಳಲ್ಲಿ, ಯುದ್ಧವಿಮಾನಗಳು ನಮ್ಮ ತಾರಸಿಗಳ ಮೇಲೆ ಆಕಾಶವನ್ನು ಸೀಳುತ್ತ ಹೋಗುತ್ತವೆ. ಜನ ಮಕ್ಕಳನ್ನು ಹೆಗಲಮೇಲೆ ಕೂರಿಸಿಕೊಂಡು ನೋಡುತ್ತಾರೆ. ಮನೆಯೊಳಗೆ ಮಲ್ಲಿಯು ಹಿಂಗಾಲನ್ನು ನೆಲಕ್ಕೆ ಬಡಿದು ಇಡೀ ವಂಶಕ್ಕೆ ಅಪಾಯದ ಸೂಚನೆ ಕೊಟ್ಟು, ರಟ್ಟಿನ ಪೆಟ್ಟಿಗೆಯ ಬಿಲದೊಳಕ್ಕೆ ನುಗ್ಗುತ್ತಾಳೆ. ಮೊದಲ ವರ್ಷ ಅವಳು ಅಲ್ಲಿಂದ ಸಂಜೆಯವರೆಗೆ ಹೊರಬರಲಿಲ್ಲ; ಉಸಿರಿನ ವೇಗಕ್ಕೆ ಪಕ್ಕೆಗಳು ಪುಟಿಯುತ್ತಿದ್ದವು. ನಾನು ಪೆಟ್ಟಿಗೆಯ ಬಾಯಿಗೆ ಬೆನ್ನು ಕೊಟ್ಟು, ಏನನ್ನೂ ಮಾಡದೆ, ನೆಲದ ಮೇಲೆ ಕುಳಿತಿದ್ದೆ. ಪತ್ರಿಕೆ ಓದಿದೆ, ಅದು ಮುಗಿದ ಮೇಲೆ ಅದರ ಜಾಹೀರಾತು ಓದಿದೆ. ಅಭಯವೆಂಬುದನ್ನು ದೇವಮೂರ್ತಿಗಳು ಕೈಯೆತ್ತಿ ಕೊಡುತ್ತವೆ. ಮೊಲಕ್ಕೆ ಕೊಡಬೇಕಾದರೆ ಕೈಯನ್ನು ಕೆಳಗಿಟ್ಟುಕೊಂಡಿರಬೇಕು.

ಎರಡು ತಿಂಗಳು ಮಲ್ಲಿಯು ನಾನು ಕೋಣೆಗೆ ಬಂದರೆ ಮರೆಯಾಗುತ್ತಿದ್ದಳು. ಮೂರನೆಯ ತಿಂಗಳಿನಲ್ಲಿ ಒಂದು ಮಧ್ಯಾಹ್ನ, ಕೋಣೆಯ ನಡುವೆ ದೊಪ್ಪನೆ ಮಗ್ಗುಲಾಗಿ ಬಿದ್ದು ಕಾಲು ಚಾಚಿ ಮಲಗಿದಳು. ಸತ್ತಳೆಂದು ನಾನು ಗಾಬರಿಯಿಂದ ಎದ್ದರೆ, ಒಂದು ಕಿವಿಯನ್ನು ಮಾತ್ರ ನನ್ನ ಕಡೆಗೆ ತಿರುಗಿಸಿದಳು. ಇದಾದ ಕೆಲವು ದಿನಗಳಿಗೆ ನಾನು ಎಂದಿನಂತೆ ಚೆಲ್ಲಿದ ಹುಲ್ಲನ್ನು ಗುಡಿಸಲು ಅವಳ ಜಮಖಾನೆಯ ಅಂಚಿಗೆ ಪೊರಕೆ ಚಾಚಿದೆ. ಮಲ್ಲಿಗೆಯ ಪೊದೆಯಡಿ ಮೂರು ನಾಯಿಗಳ ಮುಂದೆ ಕಲ್ಲಾಗಿ ಕುಳಿತಿದ್ದ ಆ ಜೀವವು ಕಿವಿಗಳನ್ನು ಹಿಂದಕ್ಕೊತ್ತಿ, ಮೂಗಿನಲ್ಲಿ ಗುರ್ರೆಂದು, ನುಗ್ಗಿ ಬಂದು ಪೊರಕೆಯನ್ನು ಮುಂಗಾಲುಗಳಿಂದ ಬಾರಿಸಿ ಕಚ್ಚಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅದು ಎರಡು ಹೆಜ್ಜೆ ಮುಂದೆ ಬಂತು.

ಈಗ ಆ ಆರು ಅಡಿ ನೆಲವನ್ನು ನಾವು ಅವಳ ಅಪ್ಪಣೆ ಪಡೆದೇ ಗುಡಿಸುತ್ತೇವೆ.